ಪುಡಿ ಬಿಟ್ಟ ಒಂದು ತಿಂಗಳು

ಸೆಪ್ಟೆಂಬರ್ 3, ಸೋಮವಾರ

ಇವತ್ತು ಜೇಜು ಪಟ್ಟಣದ ದೊಡ್ಡ ಆಸ್ಪತ್ರೆಗೆ ಹೋಗಿ ಬಂದೆ. ತಲೆನೋವಿಗೆಂದು ಡಾಕ್ಟರ ಮುಂದೆ ಕೂತದ್ದು ಐವತ್ತೊಂಬತ್ತು ವರ್ಷಗಳಲ್ಲಿ ಇದೇ ಮೊದಲು. ಕಳೆದ ವಾರ ಒಗೆದ ಬಟ್ಟೆ ಹರವುತ್ತಿದ್ದಾಗ ಕಣ್ಣು ಕತ್ತಲಿಟ್ಟು ಹಗ್ಗಕ್ಕೇ ಜೋತುಬಿದ್ದೆ. ನಮ್ಮವರು ಅದನ್ನು ನೋಡಿದ್ದೇ ತಪ್ಪಾಯಿತು.

ಡಾಕ್ಟರಿಗೆ ಮೂವತ್ತೆರಡೋ ಮೂವತ್ತಮೂರೋ ವಯಸ್ಸು. ಹೆಸರು ಪ್ಯೋ. ನಮ್ಮ ಜೇಜು ದ್ವೀಪದವಳಲ್ಲ, ಆಚೆ ದಡದವಳು. ನನ್ನ ತಲೆನೋವಿನ ಪುಡಿಯ ಪೊಟ್ಟಣ ಮೇಜಿನ ಮೇಲಿಟ್ಟುಕೊಂಡು ಕೇಳಿದಳು:

"ದಿನಕ್ಕೆ ಎಷ್ಟು ತಗೋತೀರಮ್ಮ?"

"ಸಮುದ್ರಕ್ಕೆ ಇಳಿದ್ರೆ ಐದು. ಇಳೀದೇ ಇದ್ರೆ ಮೂರು."

"ಇಳೀದೇ ಇದ್ರೆ ಯಾಕೆ?"

"ತಲೆನೋವು ಬರಬಾರ್ದಲ್ಲ."

"ಬರಲ್ವಾ ಹಾಗಾದ್ರೆ?"

"ದಿನಾ ಬರುತ್ತೆ."

ಅವಳು ನಗಲಿಲ್ಲ. ನಮ್ಮವರು ನಕ್ಕರು. ಅವರ ಕಾಲು ತುಳಿದೆ.

ಹದಿನೇಳನೇ ವಯಸ್ಸಿನಲ್ಲಿ ಚಿಪ್ಪು, ಕಡಲಸೊಪ್ಪು ಕೀಳಲು ಕಡಲಲ್ಲಿ ಮುಳುಗುವುದು ಕಲಿತೆ, ಪುಡಿಯೂ ಅವತ್ತೇ ಬಾಯಿಗೆ ಬಿತ್ತು. ನೀರಿಗಿಳಿಯುವ ಮುಂಚೆ ಒಂದು, ಮೇಲೆ ಬಂದಮೇಲೆ ಒಂದು. ನಮ್ಮೂರಿನ ಮುಳುಗುಗಾತಿಯರಲ್ಲಿ ಪುಡಿ ತಿನ್ನದವಳು ಯಾರಿದ್ದಾಳೆ? ಆಳದಲ್ಲಿ ನೀರು ತಲೆಯನ್ನು ಹಿಂಡುತ್ತದೆ, ಪುಡಿ ಅದನ್ನು ಬಿಡಿಸುತ್ತದೆ. ಇಷ್ಟು ಸರಳ. ಹಾಗೇ ಹೇಳಿದೆ.

"ಈ ಬೇಸಿಗೆ ಮೂರು ತಿಂಗಳು ನೀವು ನೀರಿಗೇ ಇಳಿದಿಲ್ಲ ಅಂದ್ರಿ. ಸಮುದ್ರ ಕೊಟ್ಟ ತಲೆನೋವಾದ್ರೆ ಅದೂ ರಜೆ ತಗೋಬೇಕಿತ್ತಲ್ಲಮ್ಮ?"

ಇದಕ್ಕೆ ಉತ್ತರವೂ ಅವಳಲ್ಲಿತ್ತು. ಪುಡಿಯ ಕಾವು ಇಳಿದ ತಕ್ಷಣ ತಲೆ ಇನ್ನೊಂದು ಪುಡಿ ಕೇಳುತ್ತದಂತೆ. ಕೇಳುವುದಕ್ಕೆ ಅದಕ್ಕೆ ಗೊತ್ತಿರುವುದು ನೋವಿನ ಭಾಷೆ ಒಂದೇ ಅಂತೆ.

"ಅಂದ್ರೆ ಬೆಂಕಿ ಆರಿಸೋಕೆ ಇಷ್ಟು ವರ್ಷ ಸೀಮೆಎಣ್ಣೆ ಸುರೀತಿದ್ದೆ ಅಂತೀರಾ?"

"ನನಗಿಂತ ನೀವೇ ಚೆನ್ನಾಗಿ ಹೇಳಿದ್ರಿ."

ನಾಲ್ಕು ವಾರ ಪುಡಿ ಮುಟ್ಟಬಾರದು. ಮೊದಲ ಹತ್ತು ದಿನ ಈಗಿರುವುದಕ್ಕಿಂತ ಹೆಚ್ಚು ನೋಯುತ್ತದೆ. ಎಷ್ಟು ಹೆಚ್ಚು ಎಂದು ಕೇಳಿದೆ. "ತುಂಬಾ" ಎಂದಳು. ಸುಳ್ಳು ಹೇಳಲಿಲ್ಲವಲ್ಲ, ಅದಕ್ಕೊಂದು ಅಂಕ ಕೊಟ್ಟೆ. ಆದರೆ ಆಮೇಲೆ ಗಂಡನ ಎದುರೇ "ಮಲ ಕಪ್ಪಗೆ, ಟಾರಿನ ಹಾಗೆ ಹೋಗುತ್ತಾ?" ಎಂದು ಕೇಳಿದಳು. ಕೊಟ್ಟ ಅಂಕ ವಾಪಸ್ ತೆಗೆದುಕೊಂಡೆ. "ಇಲ್ಲ" ಎಂದು ಗೋಡೆಗೆ ಹೇಳಿದೆ. ಈ ಪುಡಿ, ಮಾತ್ರೆ ಎಲ್ಲ ಖಾಲಿ ಹೊಟ್ಟೆಗೆ ಬಿದ್ದು ಬಿದ್ದು ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುವುದಿದೆಯಂತೆ, ಅದಕ್ಕೆ ಕೇಳಿದ್ದಂತೆ.

ಒಂದು ಹಾಳೆ ಕೊಟ್ಟಿದ್ದಾಳೆ. ದಿನವೂ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಸಂಖ್ಯೆ ಬರೆಯಬೇಕು. ಹಾಳೆಯ ಅಷ್ಟು ಚಿಕ್ಕ ಚೌಕದೊಳಗೆ ನನ್ನ ತಲೆ ಹಿಡಿಯುವುದಿಲ್ಲ. ಬಸ್ ನಿಲ್ದಾಣದ ಅಂಗಡಿಯಲ್ಲಿ ಈ ನೋಟ್‌ಬುಕ್ ಕೊಂಡೆ, ಮೇಲೆ ಮೊಲದ ಚಿತ್ರವಿದೆ. ಇದನ್ನು ಯಾರೂ ಓದಬಾರದು. ನಮ್ಮವರಿಗೆ ಕನ್ನಡಕವಿಲ್ಲದೆ ಓದಲಾಗದು, ಕನ್ನಡಕ ಎಲ್ಲಿದೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ಭಯವಿಲ್ಲ.

ಅಕ್ಟೋಬರ್ ಮೊದಲ ವಾರ ಬೇಸಿಗೆಯ ನಿಷೇಧ ಮುಗಿದು ಮುಳುಗಲು ಸಮುದ್ರ ತೆರೆಯುತ್ತದೆ. ಮೊದಲ ದಿನ ನೀರಿನಲ್ಲಿ ನಾನಿರಲೇಬೇಕು. ಒಂದು ವರ್ಷವೂ ತಪ್ಪಿಸಿದವಳಲ್ಲ.

ಸೆಪ್ಟೆಂಬರ್ 4, ಮಂಗಳವಾರ

ಏಳು. ಸಂಜೆ ಎಂಟು. ಪುಡಿಯಲ್ಲಿ ಕಾಫಿಯ ಸತ್ವವೂ ಇತ್ತಂತೆ, ಅದಕ್ಕೂ ತಲೆ ಅಳುತ್ತಿದೆ. ನಮ್ಮವರು ಒಂದು ಲೋಟ ಕಾಫಿ ಹಿಡಿದುಕೊಂಡು ಎದುರು ಕೂತು ಕುಡಿದರು. ಎದ್ದು ಹೋಗಿ ಅಂದೆ. ಲೋಟ ಸಮೇತ ಹೋಗಿ ಕೋಳಿಗಳ ಜೊತೆ ಕೂತರು.

ಸೆಪ್ಟೆಂಬರ್ 6, ಗುರುವಾರ

ಒಂಬತ್ತು. ಬರೆಯಲಾರೆ.

ಸೆಪ್ಟೆಂಬರ್ 7, ಶುಕ್ರವಾರ

ಎರಡು ಸಲ ವಾಂತಿ. ನಮ್ಮವರು ಗಂಜಿ ಮಾಡಿದರು. ಮೂವತ್ತಾರು ವರ್ಷದ ಸಂಸಾರದಲ್ಲಿ ಅವರು ಒಲೆ ಹಚ್ಚಿದ್ದು ಇದು ಮೂರನೇ ಸಲ. ತಳ ಹಿಡಿದು, ಮೇಲೆ ನೀರಾಗಿ, ನಡುವೆ ಅಕ್ಕಿ ಹಸಿಯಾಗಿ, ಒಂದೇ ಪಾತ್ರೆಯಲ್ಲಿ ಮೂರು ಬಗೆಯ ಅಡುಗೆ.

"ಹೇಗಿದೆ?" ಅಂದರು.

"ತಲೆನೋವು ಮರೆತೇ ಹೋಯ್ತು," ಅಂದೆ.

ಹೊಗಳಿಕೆ ಎಂದುಕೊಂಡು ಸಂಜೆಗೂ ಅದನ್ನೇ ಮಾಡಿಟ್ಟಿದ್ದಾರೆ.

ಅವರಿಗೆ ಮಾಡಲು ಬೇರೆ ಕೆಲಸವಿಲ್ಲವೇ? ತೋಟದಲ್ಲಿ ಕಿತ್ತಳೆಗೆ ಕೋಲು ಕಟ್ಟುವುದು ಬಿಟ್ಟು ಗಂಟೆಗೊಮ್ಮೆ ಬಂದು ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ಹೋಗುತ್ತಾರೆ. ನೋವಿರುವಾಗ ಯಾರಾದರೂ ನೋಡುತ್ತಿದ್ದರೆ ನನಗೆ ಆಗದು.

ಸೆಪ್ಟೆಂಬರ್ 9, ಭಾನುವಾರ

ತಪ್ಪು ಮಾಡಿದೆ. ಬರೆದುಬಿಡುತ್ತೇನೆ.

ಊರಿನವರೆಲ್ಲ ಹಿರಿಯರ ಸಮಾಧಿಯ ಹುಲ್ಲು ಕೀಳಲು ಗುಡ್ಡಕ್ಕೆ ಹೋಗಿದ್ದರು. ಹಿರಿಯರಿಗೆ ಎಡೆ ಇಡುವ ಚುಸೊಕ್ ಹಬ್ಬಕ್ಕೆ ಮುಂಚೆ ಹುಲ್ಲು ಕೀಳದಿದ್ದರೆ ಸತ್ತವರಿಗಿಂತ ಹೆಚ್ಚು ಬದುಕಿರುವವರೇ ಬಯ್ಯುತ್ತಾರೆ, ಹಾಗಾಗಿ ನಾನೂ ಹೋದೆ. ಕುಡುಗೋಲು ಹಿಡಿದು ಬಗ್ಗಿದ ತಕ್ಷಣ ಗುಡ್ಡವೇ ತಿರುಗಿತು. ಕಲ್ಲಿನ ಗೋಡೆಯ ನೆರಳಲ್ಲಿ ಕೂತೆ. ದುಸಿಮ್ ಬಂದು ಪಕ್ಕದಲ್ಲಿ ಕೂತಳು. ಇಪ್ಪತ್ತೈದು ವರ್ಷದಿಂದ ನೀರಿನಲ್ಲಿ ನನ್ನ ಜೋಡಿ ಅವಳು. ನನ್ನ ಮುಖ ನೋಡಿ, ಸೊಂಟದ ಚೀಲದಿಂದ ಒಂದು ಪೊಟ್ಟಣ ತೆಗೆದಳು.

"ತಗೋ."

"ಬೇಡ ಕಣೇ."

"ಆ ಡಾಕ್ಟರಮ್ಮ ಎಷ್ಟು ಆಳಕ್ಕೆ ಮುಳುಗಿದ್ದಾಳೆ? ಸ್ನಾನದ ತೊಟ್ಟಿಯಷ್ಟಾ?"

"ಬೇಡ ಅಂದ್ನಲ್ಲ."

"ನಿನ್ನ ಮುಖ ನೋಡಿದ್ರೆ ಸಮಾಧಿಯೊಳಗಿರೋರೇ ಎದ್ದು ಬಂದು, ಪಾಪ ಇವಳಿಗೆ ಜಾಗ ಕೊಡಿ ಅಂತಾರೆ. ತಗೊಳ್ಳೇ ಮಾರಾಯ್ತಿ."

ನುಂಗಿದೆ. ಅರ್ಧ ಗಂಟೆಯಲ್ಲಿ ಬಿರುಗಾಳಿ ನಿಂತ ಕಡಲಿನ ಹಾಗಾಯಿತು. ಎಷ್ಟು ಹಗುರ! ಎರಡು ಸಮಾಧಿಗಳ ಹುಲ್ಲು ಒಬ್ಬಳೇ ಕಿತ್ತೆ, ಹಾಡೂ ಹೇಳಿದೆ. ಈಗ ಸಂಜೆ ಆರು. ಒಂಬತ್ತು.

ಸೆಪ್ಟೆಂಬರ್ 10, ಸೋಮವಾರ

ಡಾ. ಪ್ಯೋಗೆ ಫೋನು ಮಾಡಿ ಒಪ್ಪಿಕೊಂಡೆ. ಬಯ್ಯುತ್ತಾಳೆಂದು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಬಯ್ಯಲಿಲ್ಲ. "ಒಂದು ಸಲ ಎಡವಿದ್ರೆ ಯಾರೂ ಹಿಂದೆ ಹೋಗಿ ಮನೆಯಿಂದ ಮತ್ತೆ ನಡೆಯೋದಿಲ್ಲಮ್ಮ. ಬಿದ್ದಲ್ಲಿಂದಲೇ ಎದ್ದು ನಡೀರಿ" ಎಂದಳು. ಸಿದ್ಧ ಮಾಡಿಟ್ಟ ಉತ್ತರವೆಲ್ಲ ವ್ಯರ್ಥವಾಯಿತು. ಅವನ್ನು ದುಸಿಮ್ ಮೇಲೆ ಪ್ರಯೋಗಿಸಿದೆ.

ಸೆಪ್ಟೆಂಬರ್ 13, ಗುರುವಾರ

ಬೆಳಿಗ್ಗೆ ಐದು, ಮಧ್ಯಾಹ್ನ ನಾಲ್ಕು!

ಒಂದು ಹೊಸ ತಮಾಷೆ. ತಲೆ ಸ್ವಲ್ಪ ಬಾಯಿ ಮುಚ್ಚಿದ್ದೇ ತಡ, ಉಳಿದ ನೋವುಗಳೆಲ್ಲ ಹಬ್ಬಕ್ಕೆ ನೆಂಟರು ಬಂದ ಹಾಗೆ ಒಂದೊಂದಾಗಿ ಬರತೊಡಗಿವೆ. ಬಲ ಭುಜ ಬಂದಿದೆ. ಎಡ ಮಂಡಿ ಬಂದಿದೆ. ಹೆಬ್ಬೆರಳ ಬುಡವಂತೂ ಮಕ್ಕಳು ಮರಿ ಸಮೇತ ಬಂದು ಇಳಿದಿದೆ. ಇವೆಲ್ಲ ಎಷ್ಟು ವರ್ಷದಿಂದ ಹೊರಗೆ ನಿಂತು ಬಾಗಿಲು ತಟ್ಟುತ್ತಿದ್ದವೋ.

ಬೇರೆ ಕೆಲಸವಿಲ್ಲದೆ ಅವುಗಳನ್ನು ಗುರುತಿಸುತ್ತಾ ಕೂತೆ. ಭುಜದ್ದು ಕೈ ಎತ್ತಿದಾಗ ಮಾತ್ರ ಬರುತ್ತದೆ, ಚುರುಕ್ ಎಂದು. ಮಂಡಿಯದ್ದು ಮಂಕು, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಹೋಗುತ್ತದೆ. ಹೆಬ್ಬೆರಳದ್ದು ಕಲ್ಲಿನಿಂದ ಚಿಪ್ಪು ಎಬ್ಬಿಸುವ ಕಬ್ಬಿಣ ಹಿಡಿದ ಹಾಗೆ ಮಡಚಿದರೆ ಬರುತ್ತದೆ. ಹಿಡಿ ಬದಲಿಸಿ ನೋಡಿದೆ. ಬರಲಿಲ್ಲ! ನಲವತ್ತೆರಡು ವರ್ಷ ತಪ್ಪಾಗಿ ಹಿಡಿಯುತ್ತಿದ್ದೆ. ಕಬ್ಬಿಣದ ಹಿಡಿಗೆ ಹಳೆಯ ರಬ್ಬರು ಸುತ್ತಿ ದಪ್ಪ ಮಾಡಿಕೊಟ್ಟರು ನಮ್ಮವರು. ನಾನು ಕೇಳಿರಲಿಲ್ಲ. ನೋಡಿ ತಾವೇ ಮಾಡಿದರು.

ಅವರೂ ಕುರ್ಚಿಯಿಂದ ಏಳುವಾಗ ಮೇಜು ಹಿಡಿದು ಏಳುತ್ತಾರೆ. ಯಾವಾಗಿನಿಂದಲೋ ಕಾಣೆ.

ಸೆಪ್ಟೆಂಬರ್ 16, ಭಾನುವಾರ

ಇವತ್ತು ಉದ್ದ ಬರೆಯಬೇಕು.

ಬೆಳಿಗ್ಗೆ ಗೇಹ್ವಾ ಅಕ್ಕನ ಮನೆಗೆ ಹೋದೆ, ಹಬ್ಬದ ಕಡುಬಿಗೆ ಎಳ್ಳು ಹುರಿಯಲು. ಅಕ್ಕ ನಮ್ಮ ಮುಳುಗುಗಾತಿಯರ ಹಿರಿಯಳು. ಎಪ್ಪತ್ತಾರು ವರ್ಷ, ಒಂಟಿ ಜೀವ, ಅರ್ಧ ಕಿವುಡು, ಪೂರ್ತಿ ಜಗಳಗಂಟಿ. ಇಂಥ ದಿನ ಇಳಿಯಿರಿ ಎಂದರೆ ಇಳಿಯುತ್ತೇವೆ, ಬೇಡ ಎಂದರೆ ಇಲ್ಲ. ನನಗೆ ಮುಳುಗಲು ಕಲಿಸಿದ್ದು ಅವಳು. ಮೊದಲ ಪುಡಿ ನನ್ನ ನಾಲಿಗೆಗೆ ಸುರಿದದ್ದೂ ಅವಳ ಕೈಯೇ. ದಡದ ಮೇಲೆ ಯಾರೂ 'ನೋವು' ಎನ್ನಬಾರದು ಎನ್ನುವ ಕಟ್ಟಳೆಯೂ ಅವಳದೇ. ಸಮುದ್ರ ಕೇಳಿಸಿಕೊಂಡರೆ ಅಲ್ಲೇ ಹಿಡಿಯುತ್ತದಂತೆ.

ಬಾಗಿಲು ತೆಗೆದವಳ ಮುಖ ನೆನೆದ ಕಾಗದದ ಹಾಗಿತ್ತು. ಅಂಗಳ ದಾಟುವಷ್ಟರಲ್ಲಿ ಎರಡು ಸಲ ನಿಂತಳು.

"ಅಕ್ಕ, ಎಲ್ಲಿ ನೋವು?"

"ನನಗೆಲ್ಲಿಯ ನೋವೇ? ಬೆಳಿಗ್ಗೆ ಪುಡಿ, ಮಂಡಿಗೆ ಎರಡು ಮಾತ್ರೆ. ಸಂಜೆ ಪುಡಿ, ಮಂಡಿಗೆ ಎರಡು ಮಾತ್ರೆ. ನೋವು ಬಂದ್ರೆ ಕೂರೋಕೆ ಜಾಗ ಎಲ್ಲಿ ಬಿಟ್ಟಿದ್ದೀನಿ?"

"ಊಟ?"

"ಯಾಕೋ ಸೇರಲ್ಲ. ನಾಲ್ಕೈದು ದಿನದಿಂದ ಬರೀ ನೀರು, ಮೂಲಂಗಿ ಸಾರು."

ಎಳ್ಳು ಹುರಿಯುತ್ತಾ ನನಗೆ ಡಾ. ಪ್ಯೋ ಕೇಳಿದ ಆ ಅಸಹ್ಯದ ಪ್ರಶ್ನೆ ನೆನಪಾಯಿತು. ಹೇಗೆ ಕೇಳುವುದು? ಕಣ್ಣು ಮುಚ್ಚಿ ಕೇಳಿಬಿಟ್ಟೆ. ಅಕ್ಕ ಕಿವುಡಿಯಾದ್ದರಿಂದ ಕಿರುಚಿ ಕೇಳಬೇಕಾಯಿತು. ಬೀದಿಗೇ ಕೇಳಿಸಿರಬೇಕು.

"ಕಪ್ಪಗೇ ಹೋಗುತ್ತೆ," ಎಂದಳು ತಣ್ಣಗೆ. "ಒಂದು ವಾರ ಆಯ್ತು. ಜನ್ಮಪೂರ್ತಿ ಕಡಲಸೊಪ್ಪು ತಿಂದವಳಿಗೆ ಬೆಳ್ಳಗೆ ಹೋಗುತ್ತೇನೇ?"

"ಈ ವಾರ ಕಡಲಸೊಪ್ಪು ತಿಂದ್ಯಾ?"

ಬೆರಳು ಮಡಚಿ ದಿನ ಎಣಿಸಿ, ಇಲ್ಲ ಎಂದು ತಲೆಯಾಡಿಸಿದಳು. ಬಾಣಲೆಯಲ್ಲಿದ್ದ ಎಳ್ಳು ಸೀದುಹೋಯಿತು.

ಆಸ್ಪತ್ರೆ ಎಂದರೆ ಬರುವವಳಲ್ಲ. ಹಾಗಾಗಿ ಸುಳ್ಳು ಹೇಳಿದೆ. ನಮ್ಮವರಿಗೆ ಫೋನು ಮಾಡಿ ಗಾಡಿ ತರಿಸಿ, ಪಟ್ಟಣದ ಮಾರುಕಟ್ಟೆಯಲ್ಲಿ ಹಬ್ಬದ ನೈವೇದ್ಯಕ್ಕೆ ಒಳ್ಳೆ ಹಂದಿಮಾಂಸ ಬಂದಿದೆ, ಆರಿಸಲು ನಿನ್ನ ಕಣ್ಣು ಬೇಕು ಎಂದೆ. ಹೊಗಳಿದರೆ ಅಕ್ಕ ಬಾವಿಗೂ ಇಳಿಯುತ್ತಾಳೆ. ದಾರಿಯುದ್ದಕ್ಕೂ ಹಂದಿಯ ಯಾವ ಭಾಗ ಯಾವ ದೇವರಿಗೆ ಎಂದು ಹೇಳುತ್ತಿದ್ದವಳು ಆಮೇಲೆ ಮಾತು ನಿಲ್ಲಿಸಿದಳು. ತಲೆ ನನ್ನ ಭುಜಕ್ಕೆ ಬಿತ್ತು. ನೋಯುವ ಭುಜಕ್ಕೇ. ಆದರೂ ಸರಿಸಲಿಲ್ಲ. ನಮ್ಮವರು ಆವರೆಗೆ ನಲವತ್ತರ ವೇಗ ದಾಟದ ಗಾಡಿಯನ್ನು ಹೇಗೆ ಓಡಿಸಿದರೋ, ಹಿಂದೆ ಖಾಲಿ ಬುಟ್ಟಿಗಳು ಕುಣಿಯುತ್ತಿದ್ದವು.

ಹೊಟ್ಟೆಯೊಳಗೆ ಹುಣ್ಣು, ಅದರಿಂದ ರಕ್ತ ಸೋರುತ್ತಿತ್ತು. ಬಾಯಿಂದ ಕೊಳವೆ ಬಿಟ್ಟು ಸೋರುವ ಜಾಗಕ್ಕೆ ಚಿಕ್ಕದೊಂದು ಕ್ಲಿಪ್ಪು ಹಾಕಿದರು. ಮೂರು ಚೀಲ ರಕ್ತ ಏರಿಸಿದರು. ಹುಣ್ಣು ಮಾಡಿದ್ದೂ ಆ ಮಾತ್ರೆಗಳೇ, ಹುಣ್ಣಿನ ನೋವು ಗೊತ್ತಾಗದ ಹಾಗೆ ಮಾಡಿದ್ದೂ ಅವೇ ಎಂದರು ಅಲ್ಲಿಯ ಡಾಕ್ಟರು. ಇನ್ನೆರಡು ದಿನ ತಡವಾಗಿದ್ದರೆ ಎಂದು ಶುರುಮಾಡಿ, ನನ್ನ ಮುಖ ನೋಡಿ, ಮಾತು ನಿಲ್ಲಿಸಿದರು.

ಅಕ್ಕ ಕಣ್ಣು ಬಿಟ್ಟಾಗ ಸಂಜೆಯಾಗಿತ್ತು. ಮೊದಲು ಹೇಳಿದ ಮಾತು:

"ಹಂದಿಮಾಂಸ ಎಲ್ಲೇ, ಕಳ್ಳಿ?"

ಹೊರಗಿನ ಬೆಂಚಿನ ಮೇಲೆ ಕೂತು ಅತ್ತೆ. ನಮ್ಮವರು ಪಕ್ಕದಲ್ಲಿ ಕೂತರು. ಈ ಸಲ ಎದ್ದು ಹೋಗಿ ಎನ್ನಲಿಲ್ಲ.

ಹಾಳೆಯಲ್ಲಿ ಇವತ್ತಿನ ಸಂಖ್ಯೆ ಗೊತ್ತಿಲ್ಲ. ತಲೆಯ ಕಡೆ ಗಮನ ಕೊಡಲಾಗಲಿಲ್ಲ. ಮೂರು ಎಂದು ಹಾಕುತ್ತೇನೆ.

ಸೆಪ್ಟೆಂಬರ್ 20, ಗುರುವಾರ

ಅಕ್ಕನನ್ನು ನೋಡಲು ದುಸಿಮ್ ಜೊತೆ ಹೋದೆ. ಅಕ್ಕನ ಕೆನ್ನೆಗೆ ಬಣ್ಣ ಬಂದಿದೆ, ಬಾಯಿಗೆ ಬಲ ಬಂದಿದೆ. ಪಕ್ಕದ ಹಾಸಿಗೆಯ ಮುದುಕಿ ನರಳಿದ್ದಕ್ಕೆ "ಜೋರಾಗಿ ನರಳು, ನನಗೆ ಕಿವಿ ಕೇಳಲ್ಲ" ಎಂದು ಪ್ರೋತ್ಸಾಹ ಕೊಡುತ್ತಿದ್ದಳು.

ದುಸಿಮ್ ಹಾಸಿಗೆಯ ತುದಿಯಲ್ಲಿ ನಿಂತೇ ಇದ್ದಳು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ನೋಡುತ್ತಾ ಕೇಳಿದಳು, "ಮಲ್ಜಾ, ನನಗೂ ಎದೆ ಕೆಳಗೆ ಉರಿ ಬರುತ್ತೆ. ಅವಳು, ಆ ನಿನ್ನ ತೊಟ್ಟಿ ಡಾಕ್ಟರು, ನನ್ನನ್ನೂ ನೋಡ್ತಾಳಾ?"

ಮಂಗಳವಾರಕ್ಕೆ ಹೆಸರು ಬರೆಸಿಕೊಟ್ಟೆ.

ಸೆಪ್ಟೆಂಬರ್ 22, ಶನಿವಾರ

ನಮ್ಮವರ ದವಡೆ ಹಲ್ಲು ಕಿತ್ತರು. ಮೂರು ಬೇರಿತ್ತಂತೆ, ಒಂದು ಗಂಟೆ ಹಿಡಿಯಿತಂತೆ. ಹಲ್ಲಿನ ಡಾಕ್ಟರು ಮೂರು ದಿನಕ್ಕೆ ನೋವಿನ ಮಾತ್ರೆ ಕೊಟ್ಟಿದ್ದರು. ಅದನ್ನು ತಂದು ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದರು.

"ಯಾಕ್ರೀ?"

ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಹೇಳಿದರು, "ನೀನು ಬಿತ್ತಿದ್ದೀಯಲ್ಲ, ನಾನೂ ಬಿತ್ತೀನಿ." ಬಿಟ್ಟಿದ್ದೀಯಲ್ಲ, ಬಿಡ್ತೀನಿ ಎಂದು ಅರ್ಥ.

ಹೆಮ್ಮೆಯಾಯಿತು. "ಶಹಬ್ಬಾಸ್. ನೋವು ಏನೋ ಹೇಳೋಕೆ ಬಂದಿರುತ್ತೆ, ಕೇಳಿಸ್ಕೊಳ್ಳಿ," ಅಂದೆ.

ಸೆಪ್ಟೆಂಬರ್ 24, ಸೋಮವಾರ. ಚುಸೊಕ್ ಹಬ್ಬ

ನೈವೇದ್ಯ ಚೆನ್ನಾಗಿ ಆಯಿತು. ನಮ್ಮವರ ಎಡಗೆನ್ನೆ ಹಬ್ಬದ ಪೇರಳೆ ಹಣ್ಣಿನಷ್ಟು ಊದಿದೆ. ಹಿರಿಯರಿಗೆ ಅಡ್ಡಬಿದ್ದು ಏಳುವಾಗ ಕಣ್ಣಲ್ಲಿ ನೀರು. ಭಕ್ತಿ ಎಂದುಕೊಂಡರು ಬಂದವರೆಲ್ಲ. ಕಡುಬು ಅಗಿಯಲಾಗದೆ ಗಂಜಿ ಕುಡಿದರು. ನಾನು ಮಾಡಿದ ಗಂಜಿ.

ನೋವು ಇನ್ನೂ ಏನು ಹೇಳುತ್ತಿದೆ ಎಂದು ಕೇಳಿದೆ. "ಹೇಳಿದ್ದನ್ನೇ ಹೇಳ್ತಿದೆ" ಅಂದರು.

ಸೆಪ್ಟೆಂಬರ್ 27, ಗುರುವಾರ

ಡಾ. ಪ್ಯೋ ಹಾಳೆ ನೋಡಿದಳು. ಎಂಟು, ಒಂಬತ್ತು, ಒಂಬತ್ತು, ಏಳು, ಐದು, ಮೂರು, ಎರಡು, ಎರಡು, ಒಂದು. ಬೆರಳಿನಿಂದ ಮೇಲಿನಿಂದ ಕೆಳಗೆ ಜಾರಿಸಿ, "ಇದನ್ನ ಗೋಡೆಗೆ ಹಾಕ್ಬೇಕು" ಎಂದಳು. ನಾನು ಗೆದ್ದ ಕುಸ್ತಿಯಾಳಿನ ಹಾಗೆ ಕೂತು, ನಮ್ಮ ಮನೆಯಲ್ಲಿ ಈಗ ಯಾರೂ ಮಾತ್ರೆ ಮುಟ್ಟುವುದಿಲ್ಲ, ನಮ್ಮವರು ದವಡೆ ಹಲ್ಲನ್ನೇ ಕೀಳಿಸಿಕೊಂಡು, ಕೆನ್ನೆ ಇನ್ನೂ ಊದಿದ್ದರೂ, ಐದು ದಿನದಿಂದ ಒಂದೂ ನುಂಗಿಲ್ಲ ಎಂದು ಹೇಳಿಕೊಂಡೆ.

ಅವಳ ಬೆರಳು ನಿಂತಿತು.

"ಹಾಗೆ ಮಾಡಿ ಅಂತ ಯಾರು ಹೇಳಿದ್ರು?"

"ನೋವು ಏನೋ ಹೇಳೋಕೆ ಬರುತ್ತೆ ಅಂತ ನೀವೇ..."

"ಅಮ್ಮಾ. ಹಲ್ಲು ಕಿತ್ತಿದ್ದಾರೆ, ಗಾಯ ಆಗಿದೆ. ಇದು ನಿಮಗೆ ಗೊತ್ತು, ಅವರಿಗೆ ಗೊತ್ತು, ಊರಿಗೆಲ್ಲ ಗೊತ್ತು. ನೋವು ಹೇಳೋದು ಹೇಳಿ ಆಗಿದೆ. ಇನ್ನೂ ಬಾಗಿಲಲ್ಲಿ ನಿಂತು ಕೂಗ್ತಿದ್ರೆ ಸಾಕು ಹೋಗು ಅನ್ನೋಕೇ ಮಾತ್ರೆ ಇರೋದು. ಹೊಟ್ಟೆಗೆ ಸ್ವಲ್ಪ ಹಾಕ್ಕೊಂಡು, ಹೇಳಿದಷ್ಟು, ಹೇಳಿದಷ್ಟು ದಿನ. ಅದಕ್ಕೆ ಹೆದರಬಾರದು."

"ಹಾಗಾದ್ರೆ ನನಗೆ?"

"ನಿಮಗೂ. ತಿಂಗಳು ತುಂಬಿದ ಮೇಲೆ ನಿಜವಾದ ನೋವು ಬಂದ್ರೆ ತಗೊಳ್ಳಿ. ವಾರಕ್ಕೆ ಎರಡು ದಿನ ದಾಟಬೇಡಿ. ಬರಬಾರದು ಅಂತ ಮುಂಚೆಯೇ ತಗೊಳ್ಳೋದು ಮಾತ್ರ ಬೇಡ. ಐದು ದಿನವಾದ್ರೂ ಊತ ಇಳಿದಿಲ್ವಾ? ನಾಳೆನೇ ಹಲ್ಲಿನ ಡಾಕ್ಟರಿಗೆ ತೋರಿಸಿ."

ಬಸ್ಸು ನಿಧಾನ ಎನ್ನಿಸಿ ಒಂದು ನಿಲ್ದಾಣ ಮುಂಚೆಯೇ ಇಳಿದು ನಡೆದೆ. ಆ ನಿಲ್ದಾಣ ಮನೆಯಿಂದ ಇನ್ನೂ ದೂರ ಎನ್ನುವುದು ಇಳಿದ ಮೇಲೆ ಹೊಳೆಯಿತು. ನಮ್ಮವರು ಕೆನ್ನೆಗೆ ತಣ್ಣನೆಯ ಮೂಲಂಗಿ ಒತ್ತಿಕೊಂಡು ಕೋಳಿಗಳ ಹತ್ತಿರ ಕೂತಿದ್ದರು.

"ಬೀಗದ ಕೈ ಎಲ್ಲಿ?"

"ಯಾಕೆ?"

"ಮಾತ್ರೆ ತಗೊಳ್ಳಿ."

"ಬೇಡ. ನೀನು ಆ ಒಂಬತ್ತರಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದೆಯಲ್ಲ, ನಾನು ಏನೂ ಮಾಡೋಕೆ ಆಗ್ಲಿಲ್ಲ. ಗಂಜೀನೂ ಸರಿಯಾಗಿ ಬರಲಿಲ್ಲ. ಇದನ್ನಾದ್ರೂ ಜೊತೆಗೆ ಪಡೋಣ ಅಂತ."

ಎಷ್ಟು ದಡ್ಡ ಮನುಷ್ಯ! ಸಿಟ್ಟು ಬಂದು ನಾನೇ ಬೀಗದ ಕೈ ಹುಡುಕಲು ಹೊರಟೆ. ಬೀಗದ ಕೈ ಅವರ ಕನ್ನಡಕದ ಜೊತೆ ಇತ್ತು, ಕನ್ನಡಕ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಬೀಗವನ್ನು ಚಿಪ್ಪು ಎಬ್ಬಿಸುವ ಕಬ್ಬಿಣದಿಂದ ಮೀಟಿದೆ. ಅರ್ಧ ಬಟ್ಟಲು ಗಂಜಿ ಕುಡಿಸಿ ಮಾತ್ರೆ ಕೊಟ್ಟೆ. ಮುಕ್ಕಾಲು ಗಂಟೆಯ ಮೇಲೆ ಅವರ ಹಣೆಯ ಗೆರೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಪೂರ್ತಿ ನೋಡುತ್ತಾ ಕೂತಿದ್ದೆ.

"ಏನು ನೋಡ್ತೀಯ?" ಅಂದರು.

"ಕೆಲಸ ಇಲ್ಲ, ಅದಕ್ಕೆ," ಅಂದೆ.

ಮಂಡಿಯನ್ನೂ ತೋರಿಸಲು ಹೆಸರು ಬರೆಸಬೇಕು ಅವರದು.

ಅಕ್ಟೋಬರ್ 2, ಮಂಗಳವಾರ

ಡಾ. ಪ್ಯೋಳ ಹಾಳೆಯಲ್ಲಿ ಶನಿವಾರದಿಂದ ಏನೂ ಬರೆದಿಲ್ಲ. ಕೆಲಸದಲ್ಲಿ ಮರೆತೇ ಹೋಯಿತು. ನಮ್ಮವರ ಒಸಡಿನ ಕೀವು ತೆಗೆಸಿದ್ದು, ಗೇಹ್ವಾ ಅಕ್ಕನನ್ನು ಮನೆಗೆ ಕರೆತಂದದ್ದು, ಅವಳಿಗೆ ಮೂರು ಹೊತ್ತು ಸಾರು. ಒಳ್ಳೆಯ ರೋಗಿ ಅಲ್ಲ ನಾನು.

ಸಮುದ್ರ ಗುರುವಾರ ತೆರೆಯುತ್ತದೆ. ನನಗೆ ನೆಗಡಿ.

ಅಕ್ಟೋಬರ್ 4, ಗುರುವಾರ

ಬೆಳಿಗ್ಗೆ ಎಂಟಕ್ಕೆ ದಡದಲ್ಲಿ ನಾವು ಉಡುಪು ಬದಲಿಸುವ ಗುಡಿಸಲಿನಲ್ಲಿ ಹದಿನಾಲ್ಕು ಜನ ಸೇರಿದೆವು. ನಡುವೆ ಬೆಂಕಿ, ಸುತ್ತ ಕಪ್ಪು ರಬ್ಬರಿನ ಉಡುಪಿಗೆ ತೂರಿಕೊಳ್ಳಲು ಒದ್ದಾಡುವ ಹೆಂಗಸರು. ಗೇಹ್ವಾ ಅಕ್ಕ ಕೋಲೂರಿಕೊಂಡು ಬಂದಳು. ಹೊಸ ವರ್ಷದವರೆಗೆ ನೀರಿಗಿಳಿಯಬಾರದು ಎಂದಿದ್ದಾರೆ. ಅವಳ ಜಾಗದಲ್ಲಿ ಯಾರೂ ಕೂತಿರಲಿಲ್ಲ.

ಪುಡಿಯ ಡಬ್ಬಿ ಎಂದಿನಂತೆ ಕೈಯಿಂದ ಕೈಗೆ ಹೊರಟಿತು. ಅಕ್ಕನ ಹತ್ತಿರ ಬಂದಾಗ ಅದನ್ನು ಕಸಿದು ಅದರ ಮೇಲೇ ಕೂತಳು.

"ಒಬ್ಬೊಬ್ಬಳೇ ಬಾಯಿ ಬಿಡಿ. ಎಲ್ಲಿ ನೋವು?"

ಎಲ್ಲರೂ ಸಮುದ್ರದ ಕಡೆ ತಿರುಗಿ ನೋಡಿದರು. ಕೊನೆಗೆ ದುಸಿಮ್, "ಅಕ್ಕ, ಸಮುದ್ರ ಕೇಳಿಸ್ಕೊಳ್ಳುತ್ತೆ ಅಂತ ನೀನೇ ಅಲ್ವಾ..."

"ಸಮುದ್ರಕ್ಕೂ ನನ್ನಷ್ಟೇ ವಯಸ್ಸಾಗಿದೆ, ಕಿವಿ ಕೇಳಲ್ಲ. ಹೇಳೇ."

"ಎದೆ ಕೆಳಗೆ ಉರಿ. ಔಷಧಿ ಶುರುಮಾಡಿದ್ದೀನಿ."

"ನೀನು?"

"ಸೊಂಟ. ಎಡಗಡೆ. ಬಗ್ಗಿದ್ರೆ ಕಾಲಿನವರೆಗೂ ಹರಿಯುತ್ತೆ."

"ನೀನು?"

"ನನ್ನ ಅತ್ತೆ."

"ಅದು ನೋವಲ್ಲ, ಕರ್ಮ. ಮುಂದೆ!"

ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸುವವರು ಯಾರು? ಹದಿನಾಲ್ಕು ಹೆಂಗಸರು, ನಲವತ್ತು ವರ್ಷದ ಬಾಕಿ. ಕುತ್ತಿಗೆ, ಕಿವಿ, ಮೊಣಕೈ, ಹೇಳಬಾರದ ಜಾಗಗಳು, ಎಲ್ಲ ಹೊರಬಂತು. ನಕ್ಕು ನಕ್ಕು ಒಬ್ಬಳ ಉಡುಪಿನ ಹೊಲಿಗೆ ಬಿಟ್ಟಿತು. ಸೊಂಟದವಳಿಗೆ ಅಕ್ಕ ಒಂದು ಬೇಯಿಸಿದ ಗೆಣಸು ತಿನ್ನಿಸಿ, ಡಬ್ಬಿಯಿಂದ ಎದ್ದು, ಒಂದೇ ಒಂದು ಪೊಟ್ಟಣ ಕೊಟ್ಟು, "ಇವತ್ತು ಸೊಂಟಮಟ್ಟದ ನೀರು ದಾಟಬೇಡ" ಎಂದಳು. ನನ್ನ ಸರದಿ ಬಂತು.

"ನೆಗಡಿ ಅಕ್ಕ. ನಿನ್ನೆ ಇಲ್ಲೇ ದಡದ ಹತ್ತಿರ ಮುಳುಗಿ ನೋಡಿದೆ. ಎರಡಾಳುದ್ದ ಇಳಿದ್ರೆ ಹುಬ್ಬಿನ ಮೇಲೆ ಸೂಜಿ ಚುಚ್ಚುತ್ತೆ. ಇದು ಹಳೇ ತಲೆನೋವಲ್ಲ, ಬೇರೆ."

"ಹಾಗಾದ್ರೆ ಇವತ್ತು ಬೇಡ."

"ಸರಿ," ಅಂದೆ.

ದುಸಿಮ್ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ಯಾಕೋ ತಿಳಿಯಲಿಲ್ಲ. ನೆಗಡಿಯಾಗಿ ಮುಖ ಊದಿತ್ತೇನೋ.

ಅವರು ಇಳಿದರು. ನಾನು, ಅಕ್ಕ ದಡದ ಕಲ್ಲಿನ ಮೇಲೆ ಕೂತು ಗೆಣಸಿನ ಸಿಪ್ಪೆ ಸುಲಿದೆವು. ಬಿಸಿಲು ಚೆನ್ನಾಗಿತ್ತು. ಸ್ವಲ್ಪ ಹೊತ್ತಿಗೆ ಆ ಸದ್ದು ಶುರುವಾಯಿತು. ಮೇಲೆ ಬಂದವಳು ಹಿಡಿದಿಟ್ಟ ಉಸಿರನ್ನು ಹೊರಬಿಡುವಾಗ ಬರುವ ಸಿಳ್ಳು. ನೀರಿನಲ್ಲಿದ್ದಾಗ ಪಕ್ಕದವಳ ಸಿಳ್ಳು ಕೇಳಿದರೆ ಬದುಕಿದ್ದಾಳೆ ಎಂದುಕೊಂಡು ಮತ್ತೆ ಮುಳುಗುತ್ತೇವೆ, ಅಷ್ಟೇ. ದಡದಲ್ಲಿ ಕೂತು ಎಲ್ಲರದನ್ನೂ ಒಟ್ಟಿಗೆ ನಾನು ಎಂದೂ ಕೇಳಿರಲಿಲ್ಲ. ಒಬ್ಬಳದು ಕುದಿಯುವ ಕೆಟಲಿನಂತೆ. ಒಬ್ಬಳದು ಬಾಗಿಲ ಕೀಲಿನಂತೆ. ಅತ್ತೆಯ ಕಾಟದವಳದು ಎಲ್ಲರಿಗಿಂತ ಉದ್ದ.

ಅಕ್ಕ ಕೈಯನ್ನು ಕಿವಿಗೆ ಒಡ್ಡಿ ಕೇಳುತ್ತಿದ್ದಳು. ಎಷ್ಟು ಕೇಳಿಸಿತೋ.

"ನಂದು ಹೇಗಿತ್ತೇ?" ಎಂದಳು.

ಬಾಯಿ ಚೂಪು ಮಾಡಿ ಸಿಳ್ಳು ಹಾಕಿ ತೋರಿಸಿದೆ. ಅವಳದು ಮೊದಲು ಕೆಳಗಿನಿಂದ ಎದ್ದು, ಉದ್ದಕ್ಕೆ ಹೋಗಿ, ಕೊನೆಯಲ್ಲಿ ಹದಿಹರೆಯದ ಹುಡುಗನ ದನಿಯ ಹಾಗೆ ಒಡೆಯುತ್ತದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕೋಲು ಉರುಳಿ ಕಲ್ಲಿನ ಸಂದಿಗೆ ಬಿತ್ತು.

"ನೋಯುತ್ತಾ ಅಕ್ಕ?" ಗಾಬರಿಯಾಗಿ ಕೇಳಿದೆ.

"ನೋಯುತ್ತೆ ಕಣೇ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಮಂಡಿ ನೋಯುತ್ತೆ, ಬೆನ್ನು ನೋಯುತ್ತೆ, ನಿನ್ನ ಸಿಳ್ಳು ಕೇಳಿ ಪಕ್ಕೆಯೂ ನೋಯುತ್ತೆ. ಇನ್ನೊಂದ್ಸಲ ಮಾಡು."

ಮಾಡಿದೆ, ಇನ್ನೂ ಜೋರಾಗಿ. ದೂರದ ನೀರಿನಲ್ಲಿ ದುಸಿಮ್ ತಟ್ಟನೆ ತಲೆಯೆತ್ತಿ ಎಡಕ್ಕೆ ಬಲಕ್ಕೆ ನೋಡಿದಳು. ಮುದುಕಿ ಹೇಳದೆ ಕೇಳದೆ ನೀರಿಗಿಳಿದುಬಿಟ್ಟಳು ಎಂದು ಹೆದರಿದಳೋ ಏನೋ.